ಬೊಲೋನ್ಯದ ಬಿಸಿಲುಮಚ್ಚು: ಬೆಳಕಿನ ರಸಾಯನದ ಚರಿತ್ರೆಯಲ್ಲಿ ಒಂದು ಲೆಕ್ಕತಪಾಸಣೆ

1

ನಮ್ಮ ಸಂಘದ ವಾಚನಾಲಯದಲ್ಲಿ ಪಡುವಣ ಕಿಟಕಿಯ ಬಳಿ ಒಂದು ಕಪಾಟುಂಟು. ಅದರಲ್ಲಿರಿಸಿದ ಪುಸ್ತಕಗಳ ಬೆನ್ನಿನ ಬಣ್ಣವೆಲ್ಲ ಹಾರಿಹೋಗಿ ಹೆಸರುಗಳನ್ನು ಓದುವುದೇ ಕಷ್ಟವಾಗಿದೆ. ಅದೇ ವರ್ಷ ಅದೇ ಬಟ್ಟೆಯಲ್ಲಿ ರಟ್ಟು ಕಟ್ಟಿಸಿದ, ಒಳಕೋಣೆಯಲ್ಲಿರುವ ಸಂಪುಟಗಳು ಮಾತ್ರ ಇಂದಿಗೂ ಕೆಂಪಾಗಿಯೇ ಇವೆ. ಬಿಸಿಲು ಬಣ್ಣವನ್ನು ತಿನ್ನುತ್ತದೆಂಬ ಸಂಗತಿ ಬಟ್ಟೆ ಒಗೆಯುವವರಿಗೂ, ಹಪ್ಪಳ ಒಣಗಿಸುವ ಗೃಹಿಣಿಯರಿಗೂ ತಿಳಿದದ್ದೇ. ಆದರೆ ಕೆಡಿಸುವ ಈ ಬೆಳಕೇ ಕಟ್ಟುವುದನ್ನೂ ಬಲ್ಲುದು. ಒಂದೊಂದು ಹಸಿರೆಲೆಯೂ ಗಾಳಿ, ನೀರುಗಳಿಂದ ಸಕ್ಕರೆಯನ್ನು ಕಟ್ಟುತ್ತಿರುವುದು ಅದರ ಬಲದಿಂದಲೇ. ಎಲೆಯ ಈ ವಿದ್ಯೆಯನ್ನು ಮನುಷ್ಯನು ತನ್ನ ಗಾಜಿನ ಪಾತ್ರೆಯಲ್ಲಿ ಎಷ್ಟರಮಟ್ಟಿಗೆ ಸಾಧಿಸಿದ್ದಾನೆ, ಹಾಗೆ ಸಾಧಿಸಿದ ಕೀರ್ತಿ ಯಾರಿಗೆ ಸಲ್ಲಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಇತ್ತೀಚಿನ ವರ್ಷಗಳಲ್ಲಿ ಈ ವಿಷಯವನ್ನು ಕುರಿತ ಬರಹಗಳಲ್ಲಿ ಒಂದು ಕಥೆ ರೂಢಿಗೆ ಬಂದಿದೆ. 1912ರಲ್ಲಿ ಇಟಲಿಯ ಒಬ್ಬ ಮಹಾನುಭಾವನು ಬೆಳಕಿನ ರಸಾಯನದ ಭವಿಷ್ಯವನ್ನು ಸಾರಿದನು. ಲೋಕವು ಅವನನ್ನು ಸುಮಾರು ನೂರು ವರ್ಷ ಮರೆತಿತ್ತು. 2008ರಲ್ಲಿ ಅಮೆರಿಕದ ತರುಣ ವಿದ್ವಾಂಸರು ಆ ಕನಸನ್ನು ನನಸುಮಾಡಿದರು, ಎಂದು. ಕೇಳಲು ಸೊಗಸಾದ ಈ ಕಥೆಯಲ್ಲಿ ಸತ್ಯಾಂಶವೂ ಇಲ್ಲದಿಲ್ಲ. ಆದರೆ ಈ ಲೇಖಕನು ವೃತ್ತಿಯಿಂದ ಬ್ಯಾಂಕಿನವನು. ರಸಾಯನವನ್ನು ಓದಿದ್ದು ಪದವಿಯ ಮಟ್ಟಕ್ಕೆ ಮಾತ್ರ. ಜಮೆ-ಖರ್ಚಿನ ಪುಟಗಳನ್ನು ಕೂಡಿ ನೋಡುವ ಅಭ್ಯಾಸವಿರುವವನಿಗೆ ಈ ಕಥೆಯ ಎರಡು ಮೊಬಲಗುಗಳು ತಾಳೆಯಾಗುವುದಿಲ್ಲ. ನಡುವಣ ನೂರು ವರ್ಷಗಳಲ್ಲಿ ಕೆಲಸ ನಿಂತಿರಲಿಲ್ಲವೆಂಬುದು ಮೊದಲನೆಯದು. ಇಟಲಿಯ ವಿದ್ವಾಂಸನು ಬೇಡಿದ್ದೂ ಇಂದಿನವರು ಕೊಟ್ಟದ್ದೂ ಒಂದೇ ಅಲ್ಲವೆಂಬುದು ಎರಡನೆಯದು.

2

ಚರಿತ್ರೆಯನ್ನು ಒಂದು ಹುಳದ ಔಷಧದಿಂದ ಆರಂಭಿಸಬೇಕಾಗುತ್ತದೆ. ನಮ್ಮ ನಾಡಿನ ಗಂಧಿಗೆ ಅಂಗಡಿಗಳಲ್ಲಿ ಕಿರಮಾಣಿ ಓಮವೆಂದು ಹೆಸರಾದ ಗಿಡ ಆರ್ಟಿಮೀಸಿಯ ಜಾತಿಗೆ ಸೇರಿದ್ದು. ಅದೇ ಜಾತಿಯ ಇನ್ನೊಂದು ಗಿಡದ ಮೊಗ್ಗುಗಳಿಂದ 1830ರ ಸುಮಾರಿಗೆ ಜರ್ಮನಿಯಲ್ಲಿ ಸ್ಯಾಂಟೊನಿನ್ ಎಂಬ ಬಿಳಿಯ ಹರಳನ್ನು ಬೇರ್ಪಡಿಸಿದರು. ಮಕ್ಕಳ ಹೊಟ್ಟೆಯ ಜಂತುಹುಳಕ್ಕೆ ಅದು ಬಹುಕಾಲ ಪ್ರಸಿದ್ಧವಾದ ಮದ್ದಾಗಿತ್ತು. 1834ರಲ್ಲಿ ಟ್ರೊಮ್ಸ್‌ಡಾರ್ಫನು ಈ ಹರಳುಗಳನ್ನು ಬಿಸಿಲಿಗಿಟ್ಟಾಗ ಅವು ಹಳದಿಗೆ ತಿರುಗಿ ಸಿಡಿದು ಚೂರಾಗುವುದನ್ನು ಕಂಡನು. ಅಷ್ಟಕ್ಕೇ ನಿಲ್ಲದೆ ಪ್ರಿಸಮಿನಿಂದ ಬೆಳಕನ್ನು ಒಡೆದು ನೋಡಿ, ನೀಲಿ ಮತ್ತು ನೇರಿಳೆ ಕಿರಣಗಳು ಮಾತ್ರ ಈ ಕೆಲಸ ಮಾಡುತ್ತವೆ, ಕೆಂಪು, ಹಳದಿ, ಹಸಿರು ಕಿರಣಗಳು ಮಾಡವು ಎಂದು ದಾಖಲಿಸಿದನು. ಸಾವಯವ ವಸ್ತುವೊಂದರ ದ್ಯುತಿರಸಾಯನಕ್ಕೆ ಇದು ಅತ್ಯಂತ ಹಳೆಯ ದಾಖಲೆಗಳಲ್ಲೊಂದು. ಹರಳಿನ ಒಳಗೆ ಆಗುವುದೇನೆಂಬುದು ಪೂರ್ತಿಯಾಗಿ ಬಯಲಾದದ್ದು ಕ್ಷಕಿರಣಗಳ ನೆರವಿನಿಂದ 2007ರಲ್ಲಿ. ಎಂದರೆ 173 ವರ್ಷಗಳ ನಂತರ.

ಈ ಒಂದು ಉದಾಹರಣೆಯಲ್ಲಿಯೇ ಮುಂದಿನ ಚರಿತ್ರೆಯ ಬೀಜವೆಲ್ಲ ಇದೆಯೆನ್ನಬಹುದು. ವಸ್ತು ತಾನು ಹೀರಿಕೊಂಡ ಬೆಳಕಿನಿಂದ ಮಾತ್ರ ಬದಲಾಗಬಲ್ಲುದು. ಬಿಳಿಯ ವಸ್ತು ಕಣ್ಣಿಗೆ ಕಾಣುವ ಬೆಳಕನ್ನು ಬಹುತೇಕ ಹೀರದೆ ಹಿಂದಕ್ಕೆ ಕಳಿಸುತ್ತದೆ. ಸಾವಯವ ವಸ್ತುಗಳಲ್ಲಿ ಬಹುಪಾಲು ಬಣ್ಣವಿಲ್ಲದವು. ಸೂರ್ಯನ ಬೆಳಕಿನಲ್ಲಿ ಹೇರಳವಾದುದನ್ನು ಅವು ಹೀರಲಾರವು. ಅವು ಹೀರುವ ಅತಿನೇರಿಳೆ ಕಿರಣಗಳು ಸೂರ್ಯನ ಬೆಳಕಿನಲ್ಲಿ ವಿರಳ. ಈ ತೊಡಕನ್ನು ಬಿಡಿಸಲು ನಡೆದ ಪ್ರಯತ್ನಗಳೇ ಮುಂದಿನ ಕಥೆ.

3

ಜಾಕೊಮೊ ಚಾಮಿಚಾನ್ ಎಂಬಾತನು 1857ರಲ್ಲಿ ಟ್ರಿಯೆಸ್ಟ್ ನಗರದಲ್ಲಿ ಹುಟ್ಟಿದನು. ಮನೆತನ ಆರ್ಮೇನಿಯದ್ದು, ಓದಿದ್ದು ವಿಯೆನ್ನದಲ್ಲಿ, ರೋಮಿನಲ್ಲಿ ಕಾನಿಟ್ಸಾರೊ ಎಂಬ ಪ್ರಸಿದ್ಧ ರಸಾಯನಜ್ಞನ ಬಳಿ ಪಳಗಿ, 1889ರಿಂದ 1922ರಲ್ಲಿ ತೀರಿಕೊಳ್ಳುವವರೆಗೂ ಬೊಲೋನ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದನು. ತಾಯ್ನಾಡಿನಿಂದ ದೂರ ನೆಲೆಸಿದ ಮನೆತನದಲ್ಲಿ ಹುಟ್ಟಿ, ಬೇರೆ ಬೇರೆ ನುಡಿಗಳ ನಡುವೆ ಬೆಳೆದು, ಕೊನೆಗೆ ನೆಲೆಸಿದ ಊರಿಗೇ ಕೀರ್ತಿ ತಂದವನು ಎಂಬ ಕಾರಣದಿಂದ ನಮ್ಮಂಥ ಹೊರನಾಡಿಗರಿಗೆ ಅವನ ಜೀವನ ಆಪ್ತವೆನಿಸಿದರೆ ಆಶ್ಚರ್ಯವಿಲ್ಲ.

1900ರಿಂದ ಮೊದಲುಗೊಂಡು ಸುಮಾರು ಹದಿನೈದು ವರ್ಷಗಳ ಕಾಲ ಚಾಮಿಚಾನನೂ ಅವನ ಜರ್ಮನ್ ಸಹೋದ್ಯೋಗಿ ಪೌಲ್ ಜಿಲ್ಬರನೂ ಕೂಡಿ ಬೆಳಕಿನ ರಾಸಾಯನಿಕ ಕ್ರಿಯೆಗಳನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. ಅವರ ಯಂತ್ರಸಾಮಗ್ರಿಯೆಂದರೆ ಬಿಸಿಲುಮಚ್ಚಿನ ಮೇಲೆ ಸಾಲಾಗಿ ಇಟ್ಟ ಗಾಜಿನ ಬುದ್ದಲಿಗಳು ಮತ್ತು ಕೊಳವೆಗಳು. ಆ ಬುದ್ದಲಿಗಳ ನಡುವೆ ಬಿಳಿಯ ಗಡ್ಡದ ಪ್ರಾಧ್ಯಾಪಕನು ನಿಂತಿರುವ ಛಾಯಾಚಿತ್ರವನ್ನು ಇಂದು ಅನೇಕ ಗ್ರಂಥಗಳಲ್ಲಿ ಕಾಣಬಹುದು. ಪ್ರಯೋಗಗಳು ದಿನಗಟ್ಟಲೆಯಲ್ಲ, ತಿಂಗಳುಗಟ್ಟಲೆ ನಡೆಯುತ್ತಿದ್ದುವು. 1908ರಲ್ಲಿ ಅವರು ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ವಿಶೇಷವಾಗಿ ಸ್ಮರಣೀಯ. ಶಾಹಿ ಜೀರಿಗೆಗೂ ಸಬ್ಬಸಿಗೆಯ ಬೀಜಕ್ಕೂ ಪರಿಮಳವನ್ನೀಯುವ ಕಾರ್ವೋನ್ ಎಂಬ ವಸ್ತುವನ್ನು ನೀರು ಬೆರೆಸಿದ ಮದ್ಯಸಾರದಲ್ಲಿ ಕರಗಿಸಿ ಸುಮಾರು ಒಂದು ವರ್ಷ ಇಟಲಿಯ ಬಿಸಿಲಿಗೊಡ್ಡಿದರು. ಅಣುವಿನ ತೂಕ ಬದಲಾಗದೆ, ಕರ್ಪೂರವನ್ನು ಹೋಲುವ ಹೊಸದೊಂದು ವಸ್ತು ದೊರೆಯಿತು. ಅದಕ್ಕೆ ಕಾರ್ವೋನ್-ಕರ್ಪೂರವೆಂದೇ ಹೆಸರಿಟ್ಟರು. ಒಂದೇ ಅಣುವಿನಲ್ಲಿ ದೂರ ದೂರವಿದ್ದ ಎರಡು ಇಮ್ಮಡಿ ಬಂಧಗಳು ಬಾಗಿ ಬಂದು ಒಂದನ್ನೊಂದು ಸೇರಿ, ನಾಲ್ಕು ಇಂಗಾಲಗಳ ಸಣ್ಣದೊಂದು ಚೌಕವಾಗುತ್ತದೆಂಬುದು ಅವರ ಊಹೆ. ಕಾಯಿಸಿದರೆ ಹೀಗಾಗದು, ಬೆಳಕಿಗೆ ಮಾತ್ರ ಇದು ಸಾಧ್ಯ. ಮರುವರ್ಷವೇ, 1909ರಲ್ಲಿ, ಪಟೆರ್ನೊ ಎಂಬ ಇನ್ನೊಬ್ಬ ಇಟಲಿಯ ವಿದ್ವಾಂಸನು ಆಮ್ಲಜನಕವೂ ಸೇರಿದ ಅಂಥದೇ ಚೌಕವೊಂದನ್ನು ಬಿಸಿಲಿನಿಂದ ಪಡೆದನು.

1912ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ನಡೆದ ಅನ್ವಿತ ರಸಾಯನದ ಎಂಟನೆಯ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಚಾಮಿಚಾನನು ಭವಿಷ್ಯದ ದ್ಯುತಿರಸಾಯನವನ್ನು ಕುರಿತು ಉಪನ್ಯಾಸ ಕೊಟ್ಟನು. ಅದರ ಸಾರಾಂಶವಿದು: ಕಲ್ಲಿದ್ದಲೆಂದರೆ ಯುಗಾಂತರಗಳ ಹಿಂದಿನ ಸೂರ್ಯನ ಬೆಳಕು, ಶಿಲೆಯಾಗಿ ಕೂತದ್ದು. ನಾಗರಿಕತೆ ಅದನ್ನು ಅಳತೆಯಿಲ್ಲದೆ ಕರಗಿಸುತ್ತಿದೆ, ಅದು ಅಕ್ಷಯವಲ್ಲ. ಆದರೆ ರೋಮಿನ ಸುತ್ತಣ ಲಾತ್ಸಿಯೊ ಪ್ರಾಂತದಷ್ಟು ಸಣ್ಣದೊಂದು ಉಷ್ಣದೇಶದ ಮೇಲೆ ಒಂದು ವರ್ಷದಲ್ಲಿ ಬೀಳುವ ಬಿಸಿಲಿನ ಶಕ್ತಿ, ಪ್ರಪಂಚದಲ್ಲೆಲ್ಲ ಅದೇ ಅವಧಿಯಲ್ಲಿ ಅಗೆದ ಕಲ್ಲಿದ್ದಲಿನ ಶಕ್ತಿಗೆ ಸಮ. ಗಿಡಗಳು ಕಾಪಾಡಿಕೊಂಡು ಬಂದ ಗುಟ್ಟನ್ನು ಮನುಷ್ಯನು ಅರಿತರೆ, ಬೆಳೆ ಬಾರದ ಮರುಭೂಮಿಗಳಲ್ಲಿ ಹೊಗೆಯಿಲ್ಲದ ಕೈಗಾರಿಕೆಗಳು ಎದ್ದಾವು. ಗಾಜಿನ ಕೊಳವೆಗಳ ಕಾಡು ಬೆಳೆದೀತು.

ಬ್ಯಾಂಕಿನವನ ಮಾತಿನಲ್ಲಿ ಹೇಳುವುದಾದರೆ, ಪೂರ್ವಿಕರು ಕೂಡಿಟ್ಟ ಠೇವಣಿಯನ್ನು ಮುರಿದು ತಿನ್ನಬೇಡಿ, ದಿನದಿನದ ಆದಾಯದಲ್ಲಿ ಬದುಕುವುದನ್ನು ಕಲಿಯಿರಿ ಎಂಬುದು ಆತನ ಉಪದೇಶ. ಆ ಉಪನ್ಯಾಸದಲ್ಲಿ ರಸಾಯನ ಎಷ್ಟಿದೆಯೋ ಅರ್ಥಶಾಸ್ತ್ರವೂ ಅಷ್ಟೇ ಇದೆ. ಇದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

4

ಎರಡು ವರ್ಷಗಳಲ್ಲಿ ಮಹಾಯುದ್ಧ ಬಂದಿತು. ಬೊಲೋನ್ಯದ ಪ್ರಯೋಗಗಳು ನಿಂತುವು. ಆಮೇಲಿನ ಒಂದೆರಡು ದಶಕಗಳ ಮಟ್ಟಿಗೆ ಮರೆವಿನ ಕಥೆ ನಿಜ. ಅದಕ್ಕೆ ಕಾರಣಗಳೂ ಸ್ಪಷ್ಟವಾಗಿವೆ. ಬಿಸಿಲಿನಿಂದ ದೊರೆಯುವುದು ಅನೇಕ ವೇಳೆ ಹತ್ತಾರು ವಸ್ತುಗಳ ಮಿಶ್ರಣ; ಅವುಗಳನ್ನು ಬೇರ್ಪಡಿಸಿ ರಚನೆಯನ್ನು ನಿರ್ಧರಿಸುವ ಉಪಕರಣಗಳು ಆಗ ಇರಲಿಲ್ಲ. ಜೊತೆಗೆ ಪೆಟ್ರೋಲಿಯಂ ಅಗ್ಗವಾಗಿ ಹರಿಯತೊಡಗಿತು. ಠೇವಣಿ ದೊಡ್ಡದಾಗಿರುವವರೆಗೆ ಆದಾಯದ ಚಿಂತೆ ಯಾರಿಗಿರುತ್ತದೆ?

ಆದರೂ ದೀಪ ಆರಿರಲಿಲ್ಲ. ಜರ್ಮನಿಯಲ್ಲಿ ಗುಂಟರ್ ಶೆಂಕನು ಟ್ಸೀಗ್ಲರನೊಡನೆ 1944ರಲ್ಲಿ ಆಸ್ಕರಿಡೋಲ್ ಎಂಬ ನಿಸರ್ಗಜನ್ಯ ವಸ್ತುವಿನ ಸಂಶ್ಲೇಷಣೆಯನ್ನು ಪ್ರಕಟಿಸಿದನು. ಇದೂ ಜಂತುಹುಳದ ಮದ್ದೇ. ಟರ್ಪೀನೀನ್ ಎಂಬ ತೈಲಕ್ಕೆ ಸೊಪ್ಪಿನಿಂದ ತೆಗೆದ ಪತ್ರಹರಿತ್ತನ್ನು ಸ್ವಲ್ಪ ಬೆರೆಸಿ, ಗಾಳಿಯಾಡಿಸಿ, ಬೆಳಕಿಗಿಟ್ಟರೆ ಅದು ಸಿದ್ಧವಾಗುತ್ತದೆ. ಯುದ್ಧ ಮುಗಿದ ಮೇಲೆ, ಎಲ್ಲದಕ್ಕೂ ಕೊರತೆಯಿದ್ದ ಆ ದಿನಗಳಲ್ಲಿ, ಹೈಡೆಲ್‌ಬರ್ಗಿನಲ್ಲಿ ಬಿಸಿಲಿನಲ್ಲಿಯೇ ಇದನ್ನು ದೊಡ್ಡ ಗಾಜಿನ ಪಾತ್ರೆಗಳಲ್ಲಿ ತಯಾರಿಸಿದರು. ಇಲ್ಲಿ ಬೆಳಕನ್ನು ಹೀರುವುದು ಬಣ್ಣವಿಲ್ಲದ ತೈಲವಲ್ಲ, ಹಸಿರು ವರ್ಣದ್ರವ್ಯ. ಅದು ತಾನು ಗಳಿಸಿದ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸಿ, ತಾನು ಮೊದಲಿನಂತೆಯೇ ಉಳಿಯುತ್ತದೆ. ಹೀಗೆ ಚುರುಕುಗೊಂಡ ಆಮ್ಲಜನಕದ ಸ್ಥಿತಿಯನ್ನು ಕೌಟ್ಸ್ಕಿ 1931ರಲ್ಲಿಯೇ ಊಹಿಸಿದ್ದನು. 1964ರಲ್ಲಿ ಫೂಟ್ ಮೊದಲಾದವರು ಅದನ್ನು ದೃಢಪಡಿಸಿದರು. ಬಣ್ಣವಿಲ್ಲದ ವಸ್ತುವಿಗೂ ಬೆಳಕಿಗೂ ನಡುವೆ ಬಣ್ಣದ ಮಧ್ಯಸ್ಥನನ್ನು ನಿಲ್ಲಿಸುವ ಉಪಾಯ ಇಂತು ಔಷಧ ತಯಾರಿಕೆಗೆ ಒದಗಿತು.

ಮತ್ತೊಂದೆಡೆ ಕಾರ್ವೋನ್-ಕರ್ಪೂರದ ಮಾತು ಸ್ಥಿರವಾಯಿತು. 1957ರಲ್ಲಿ ಬ್ಯೂಖಿ ಮತ್ತು ಗೋಲ್ಡ್‌ಮನ್ ಎಂಬವರು ಬೊಲೋನ್ಯದ ಊಹೆ ಸರಿಯೆಂದು ಹೊಸ ಉಪಕರಣಗಳಿಂದ ಸಿದ್ಧಪಡಿಸಿದರು; ಪಟೆರ್ನೊವಿನ ಚೌಕವನ್ನು ಬ್ಯೂಖಿ 1954ರಲ್ಲಿಯೇ ಖಚಿತಪಡಿಸಿದ್ದನು. ಕೆಲವೇ ವರ್ಷಗಳಲ್ಲಿ ಹಾರ್ವರ್ಡಿನ ಕೋರಿ, ಮಿತ್ರ ಮತ್ತು ಉಡಾ ಎಂಬ ಸಹೋದ್ಯೋಗಿಗಳೊಡನೆ, ಲವಂಗದ ಎಣ್ಣೆಯಲ್ಲಿರುವ ಕ್ಯಾರಿಯೊಫಿಲೀನನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದನು. 1964ರಲ್ಲಿ ಪೂರ್ಣ ವಿವರ ಪ್ರಕಟವಾದ ಆ ಸಂಶ್ಲೇಷಣೆಯ ಮೊದಲ ಹೆಜ್ಜೆಯೇ ಬೆಳಕಿನಿಂದ ನಾಲ್ಕು ಇಂಗಾಲಗಳ ಚೌಕವನ್ನು ಕಟ್ಟುವುದು.

ಈ ಕಾಲದ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪುಟವುಂಟು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದು, ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಸ್ಥಾಪಕರಿಬ್ಬರಲ್ಲಿ ಒಬ್ಬನೆನಿಸಿದ ಜಾನ್ ಲಯೊನೆಲ್ ಸೈಮನ್‌ಸೆನ್, ಹಿಮಾಲಯದ ಚೀಡ್ ಮರದ ಟರ್ಪೆಂಟೈನಿನಿಂದ ಲಾಂಗಿಫೋಲೀನ್ ಎಂಬ ವಸ್ತುವನ್ನು ಬೇರ್ಪಡಿಸಿ 1920ರಲ್ಲಿ ಪ್ರಕಟಿಸಿದನು. 1925ರಿಂದ ಮೂರು ವರ್ಷ ಆತನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾವಯವ ರಸಾಯನದ ಪ್ರಾಧ್ಯಾಪಕನಾಗಿದ್ದನು. ಉಂಗುರದೊಳಗೆ ಉಂಗುರ ಹೆಣೆದುಕೊಂಡ ಆ ಅಣುವಿನ ರಚನೆ ತಿಳಿದದ್ದು 1953ರಲ್ಲಿ. ಅದರ ವಿಚಿತ್ರ ಪರಿವರ್ತನೆಗಳನ್ನು ಸುಖದೇವರು ಮೊದಲು ಬೆಂಗಳೂರಿನಲ್ಲಿಯೂ ಅನಂತರ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿಯೂ ಬಹುವರ್ಷ ಅಭ್ಯಸಿಸಿದರು. ಇದೇ ಅಣುವನ್ನು ಜಿನೀವಾದಲ್ಲಿ ಓಪೋಲ್ಟ್ಸರ್ ಮತ್ತು ಗೋಡೆಲ್ 1978ರಲ್ಲಿ ಬೆಳಕಿನ ನೆರವಿನಿಂದ ಕಟ್ಟಿದರು. ಮೊದಲು ಬೆಳಕಿನಿಂದ ಒಂದು ಚೌಕವನ್ನು ಕಟ್ಟುವುದು, ಆಮೇಲೆ ಅದನ್ನೇ ಒಡೆದು ದೊಡ್ಡ ಉಂಗುರವಾಗಿಸುವುದು ಆ ಯುಕ್ತಿಯ ತಿರುಳು. 1980ರ ದಶಕದಲ್ಲಿ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ವೆಂಕಟೇಶನ್ ಮತ್ತು ರಾಮಮೂರ್ತಿಯವರು, ಟ್ರೊಮ್ಸ್‌ಡಾರ್ಫನ ದಾರಿಯಲ್ಲಿಯೇ, ಹರಳಿನ ರೂಪದಲ್ಲಿರುವ ಕೌಮರಿನ್ ವಸ್ತುಗಳ ಮೇಲೆ ಬೆಳಕಿನ ಕ್ರಿಯೆಯನ್ನು ಪರೀಕ್ಷಿಸಿದರು. ನೂರು ವರ್ಷಗಳ ಮರೆವೆಂಬ ಮಾತಿಗೆ ಇಷ್ಟು ದಾಖಲೆಗಳು ಉತ್ತರವಾದಾವು.

5

ಹಾಗಾದರೆ 2008ರಲ್ಲಿ ಹೊಸದಾಗಿ ಆದದ್ದೇನು? ಅಂಕಿಗಳಿಂದ ನೋಡಿದರೆ ವಿಷಯ ಸ್ಪಷ್ಟವಾದೀತು. ಪಾದರಸದ ದೀಪದಿಂದ ಹೊರಡುವ 254 ನ್ಯಾನೊಮೀಟರಿನ ಅತಿನೇರಿಳೆ ಬೆಳಕಿನಲ್ಲಿ ಒಂದು ಮೋಲಿಗೆ ಸುಮಾರು 470 ಕಿಲೊಜೂಲು ಶಕ್ತಿಯಿದೆ. ಇಂಗಾಲ-ಇಂಗಾಲದ ಸಾಮಾನ್ಯ ಬಂಧವನ್ನು ಮುರಿಯಲು ಸುಮಾರು 350 ಸಾಕು. ಆದುದರಿಂದ ಅತಿನೇರಿಳೆ ಬೆಳಕು, ಕೊಡಲಿಯಿಂದ ಕೆತ್ತನೆ ಮಾಡಿದಂತೆ, ಬೇಡದ ಕಡೆಯೂ ಪೆಟ್ಟು ಹಾಕುವುದುಂಟು. 450 ನ್ಯಾನೊಮೀಟರಿನ ನೀಲಿ ಬೆಳಕಿನಲ್ಲಿರುವುದು ಸುಮಾರು 266 ಕಿಲೊಜೂಲು ಮಾತ್ರ. ಅದು ಬಂಧಗಳನ್ನು ನೇರವಾಗಿ ಮುರಿಯದು; ಆದರೆ ಎಲೆಕ್ಟ್ರಾನೊಂದನ್ನು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಿಸಲು ಅಷ್ಟು ಬೇಕಾದಷ್ಟಾಯಿತು.

ಈ ದಾಟಿಸುವಿಕೆಗೆ ಒದಗಿದ ಮಧ್ಯಸ್ಥನೆಂದರೆ ರುಥೇನಿಯಂ ಲೋಹದ ಕೇಸರಿ-ಕೆಂಪು ಬಣ್ಣದ ಸಂಯುಕ್ತವೊಂದು. ಬರ್ಸ್ಟಾಲನು ಅದನ್ನು 1936ರಲ್ಲಿಯೇ ತಯಾರಿಸಿದ್ದನು. ನೀಲಿ ಬೆಳಕನ್ನು ಹೀರಿದ ಮೇಲೆ ಅದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಕಾಲ ಉದ್ದೀಪ್ತ ಸ್ಥಿತಿಯಲ್ಲಿ ನಿಲ್ಲುತ್ತದೆ. ಅಣುಗಳ ಲೋಕದಲ್ಲಿ ಇದು ದೀರ್ಘಾಯುಷ್ಯ. ಅಷ್ಟರಲ್ಲಿ ಎದುರಾದ ಅಣುವಿಗೆ ಎಲೆಕ್ಟ್ರಾನನ್ನು ಕೊಡಲೂ ಬಲ್ಲುದು, ಅದರಿಂದ ಪಡೆಯಲೂ ಬಲ್ಲುದು. ಮರುಕ್ಷಣ ಎದುರು ವ್ಯವಹಾರ ಮಾಡಿ ತನ್ನ ಬಾಕಿಯನ್ನು ಶೂನ್ಯಕ್ಕೆ ತಂದುಕೊಳ್ಳುತ್ತದೆ. ಈ ಗುಣವನ್ನು ಸಾವಯವ ಕ್ರಿಯೆಗಳಿಗೆ ಬಳಸುವ ಪ್ರಯತ್ನವನ್ನು 1978ರಲ್ಲಿ ಕೆಲಾಗನೂ, 1984ರಲ್ಲಿ ಕಾನೊ-ಯೆಲೊ ಮತ್ತು ದೆರೋಂಜಿಯೆ ಎಂಬವರೂ, 1991ರಲ್ಲಿ ಜಪಾನಿನ ಒಕಾಡನೂ ಮಾಡಿದ್ದರು. ಅವು ಬಿಡಿ ಬಿಡಿ ದಾಖಲೆಗಳಾಗಿಯೇ ಉಳಿದುವು. 2008ರಲ್ಲಿ ಪ್ರಿನ್ಸ್‌ಟನ್ನಿನ ನೈಸ್‌ವಿಕ್ಸ್ ಮತ್ತು ಮ್ಯಾಕ್‌ಮಿಲನ್, ವಿಸ್ಕಾನ್ಸಿನ್ನಿನ ಯೂನ್, 2009ರಲ್ಲಿ ಬೋಸ್ಟನ್ನಿನ ಸ್ಟೀಫನ್‌ಸನ್ ಇವರ ಪ್ರಬಂಧಗಳು ಒಂದರ ಹಿಂದೊಂದು ಬಂದುವು. ಮ್ಯಾಕ್‌ಮಿಲನ್ನನ ಪ್ರಯೋಗಕ್ಕೆ ಬೆಳಕು ಕೊಟ್ಟದ್ದು ಮನೆಬಳಕೆಯ 15 ವ್ಯಾಟಿನ ದೀಪ. (ಆತನಿಗೆ 2021ರಲ್ಲಿ ಬಂದ ನೊಬೆಲ್ ಪಾರಿತೋಷಕ ಈ ಕೆಲಸಕ್ಕಲ್ಲ, ಲೋಹವಿಲ್ಲದ ಸಾವಯವ ವೇಗವರ್ಧಕಗಳಿಗೆ ಎಂಬುದನ್ನು ಇಲ್ಲಿ ಸೂಚಿಸಬೇಕು.)

ನಿಸರ್ಗಜನ್ಯ ವಸ್ತುಗಳನ್ನು ಕಟ್ಟುವವರು ಈ ಉಪಾಯವನ್ನು ಬೇಗನೆ ಕೈಗೆತ್ತಿಕೊಂಡರು. 2011ರಲ್ಲಿ ಸ್ಟೀಫನ್‌ಸನ್ ತನ್ನ ಸಹೋದ್ಯೋಗಿಗಳಾದ ಫರ್ಸ್ಟ್ ಮತ್ತು ನಾರಾಯಣಂ ಅವರೊಡನೆ ಗ್ಲಯೊಕ್ಲಾಡಿನ್ ಎಂಬ ಶಿಲೀಂಧ್ರಜನ್ಯ ಕ್ಷಾರಾಭವನ್ನು ಕಟ್ಟಿದಾಗ, ಅದರ ಎರಡು ದೊಡ್ಡ ತುಂಡುಗಳನ್ನು ಬೆಸೆದದ್ದು ನೀಲಿ ಬೆಳಕು. 2012ರಲ್ಲಿ ಓವರ್‌ಮನ್ ಸಮುದ್ರದ ಸ್ಪಂಜಿನಿಂದ ದೊರೆಯುವ ಆಪ್ಲಿವಯೊಲೀನನ್ನು ಕಟ್ಟಲು ಆರಿಸಿಕೊಂಡದ್ದು ಇಪ್ಪತ್ತು ವರ್ಷ ಹಳೆಯದಾದ ಒಕಾಡನ ವಿಧಾನವನ್ನು. ರುಥೇನಿಯಂ ದುಬಾರಿ ಲೋಹವೆಂದು ಅದರ ಬದಲಿಗೆ ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಬಳಸಬಹುದೆಂದು ಜರ್ಮನಿಯ ಟ್ಸೈಟ್ಲರ್ ಮೊದಲಾದವರು 2011ರಲ್ಲಿ ತೋರಿಸಿದರು. ಈ ಇಯೊಸಿನ್ ನಮ್ಮ ವೃತ್ತಿಬಾಂಧವರಿಗೆ ಅಪರಿಚಿತವಲ್ಲ. ಹಿಂದೆ ಲೆಜರುಗಳಲ್ಲಿ ಬಾಕಿಯನ್ನು ಬರೆಯುತ್ತಿದ್ದ ಕೆಂಪು ಶಾಯಿಗೆ ಬಣ್ಣ ಕೊಡುತ್ತಿದ್ದುದು ಸಾಮಾನ್ಯವಾಗಿ ಅದೇ.

ಇಷ್ಟನ್ನು ಕೂಡಿ ನೋಡಿದರೆ ಹೀಗೆನ್ನಬಹುದಾಗಿದೆ. ಬೊಲೋನ್ಯದ ಕಾಲದಲ್ಲಿ ವಸ್ತು ತಾನೇ ಬೆಳಕನ್ನು ಹೀರಿತು. ಶೆಂಕನ ಕಾಲದಲ್ಲಿ ವರ್ಣದ್ರವ್ಯ ಹೀರಿ ಶಕ್ತಿಯನ್ನು ದಾಟಿಸಿತು. ನಮ್ಮ ಕಾಲದಲ್ಲಿ ವರ್ಣದ್ರವ್ಯ ಹೀರಿ ಎಲೆಕ್ಟ್ರಾನನ್ನು ದಾಟಿಸುತ್ತಿದೆ. ಎಲೆ ಮಾಡುವುದೂ ಇದನ್ನೇ. ಮೂರು ತಲೆಮಾರುಗಳು ಒಂದರ ಹೆಗಲ ಮೇಲೊಂದು ನಿಂತು ಅದರ ಗುಟ್ಟಿಗೆ ಕೈಚಾಚಿವೆ. ಯಾವುದೊಂದು ವರ್ಷವನ್ನೂ ಪುನರ್ಜನ್ಮವೆಂದು ಬಣ್ಣಿಸುವುದು ನಡುವಣವರಿಗೆ ಮಾಡುವ ಅನ್ಯಾಯ.

6

ಇನ್ನು ಎರಡನೆಯ ಮೊಬಲಗು. ಮಲೇರಿಯದ ಮದ್ದಾದ ಆರ್ಟಿಮಿಸಿನಿನನ್ನು ಚೀನದ ತೂ ಯೂಯೂ ಅವರ ತಂಡ 1972ರಲ್ಲಿ ಗಿಡದಿಂದ ಬೇರ್ಪಡಿಸಿತು. 2015ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಆ ಗಿಡ ಸ್ಯಾಂಟೊನಿನಿನ ಗಿಡದ ದಾಯಾದಿಯೇ, ಆರ್ಟಿಮೀಸಿಯ. 1983ರಲ್ಲಿ ಬಾಸೆಲಿನ ಶ್ಮಿಡ್ ಮತ್ತು ಹೋಫ್‌ಹೈನ್ಸ್ ಅದನ್ನು ಮೊದಲ ಬಾರಿಗೆ ಪೂರ್ಣವಾಗಿ ಕಟ್ಟಿದಾಗ ಬಳಸಿದ್ದು ಶೆಂಕನ ಉಪಾಯವನ್ನು: ವರ್ಣದ್ರವ್ಯ, ಬೆಳಕು, ಆಮ್ಲಜನಕ. ಅನಂತರ ಕ್ಯಾಲಿಫೋರ್ನಿಯದ ಕೀಸ್ಲಿಂಗನ ತಂಡದವರು ಮಾರ್ಪಡಿಸಿದ ಯೀಸ್ಟಿನಿಂದ ಈ ಮದ್ದಿನ ಪೂರ್ವವಸ್ತುವನ್ನು ಪಡೆದರು. ಅದನ್ನು ಬೆಳಕಿನಿಂದ ಮದ್ದಾಗಿಸುವ ಕಾರ್ಖಾನೆಯನ್ನು ಸನೋಫಿ ಸಂಸ್ಥೆ 2013ರಲ್ಲಿ ಉತ್ತರ ಇಟಲಿಯ ಗರೆಸ್ಸಿಯೊ ಎಂಬಲ್ಲಿ ಆರಂಭಿಸಿತು. ಬೊಲೋನ್ಯದ ಬಿಸಿಲುಮಚ್ಚಿಗೆ ಇದಕ್ಕಿಂತ ಒಪ್ಪುವ ಉತ್ತರಾಧಿಕಾರಿ ಬೇಕೆ?

ಆದರೆ ಲೆಕ್ಕ ಬೇರೆಯೇ ಆಯಿತು. ಕಾರ್ಖಾನೆಯ ಮದ್ದಿಗೆ, ಲಾಭವಿಲ್ಲದೆ ಮಾರಿದರೂ, ಕಿಲೋಗ್ರಾಮಿಗೆ ಸುಮಾರು 350ರಿಂದ 400 ಡಾಲರು ಬೀಳುತ್ತಿತ್ತು. ರೈತರು ಬೆಳೆದ ಗಿಡದಿಂದ ತೆಗೆದದ್ದು 250 ಡಾಲರಿಗೂ ಕೆಳಗಿಳಿಯಿತು. 2015ರಲ್ಲಿ ಕಾರ್ಖಾನೆ ಆ ಮದ್ದನ್ನು ಒಂದಿಷ್ಟೂ ತಯಾರಿಸಲಿಲ್ಲ. ಆಮೇಲೆ ಆ ಸ್ಥಳವೇ ಕೈಬದಲಾಯಿತು. ಹೊಲದಲ್ಲಿ ನಿಂತ ಗಿಡ ಬಿಸಿಲನ್ನು ಬಿಟ್ಟಿಯಾಗಿ ಪಡೆಯುತ್ತಿತ್ತು. ಕಾರ್ಖಾನೆಯಾದರೋ ಪಾದರಸದ ದೀಪಗಳ ಬೆಳಕನ್ನು ಹಣ ತೆತ್ತು ಕೊಳ್ಳುತ್ತಿತ್ತು. ದೀಪದ ಖರ್ಚೊಂದೇ ಸೋಲಿಗೆ ಕಾರಣವೆಂದು ಹೇಳಲಾಗದು. ಆದರೂ ಚಾಮಿಚಾನನ ಬೇಡಿಕೆಯನ್ನು ನೆನೆದವರಿಗೆ ಇದರಲ್ಲೊಂದು ಪಾಠವಿದೆ.

ಆತನು ಕೇಳಿದ್ದು ಬೆಳಕನ್ನಲ್ಲ, ಸೂರ್ಯನನ್ನು. ಇಂದಿನ ಪ್ರಯೋಗಶಾಲೆಗಳಲ್ಲಿ ಉರಿಯುವ ನೀಲಿ ದೀಪಗಳಿಗೆ ವಿದ್ಯುತ್ತು ಬೇಕು. ನಮ್ಮ ದೇಶದಲ್ಲಂತೂ ಆ ವಿದ್ಯುತ್ತಿನ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಠೇವಣಿ ಮುರಿದು ತಂದ ಹಣವನ್ನು ಆದಾಯದ ಅಂಕಣದಲ್ಲಿ ಬರೆದಂತಾಯಿತು. ವಿಧಾನ ಎಷ್ಟೇ ಸುಂದರವಾಗಿರಲಿ, ಲೆಕ್ಕಪರೀಕ್ಷಕನು ಇದನ್ನು ಒಪ್ಪಲಾರನು.

ಹೀಗೆಂದು ನಿರಾಶರಾಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಪಾವಗಡವೆಂದರೆ ಬರಕ್ಕೆ ಹೆಸರಾದ ತಾಲೂಕು. ಅಲ್ಲಿನ ಸುಮಾರು 13,000 ಎಕರೆ ಒಣನೆಲವನ್ನು ರೈತರಿಂದ ಗೇಣಿಗೆ ಪಡೆದು, 2019ರ ವೇಳೆಗೆ 2,050 ಮೆಗಾವ್ಯಾಟಿನ ಸೌರವಿದ್ಯುತ್ ಕ್ಷೇತ್ರವನ್ನು ಕಟ್ಟಿ ಮುಗಿಸಿದ್ದಾರೆ. ಮಳೆ ಕೈಕೊಟ್ಟ ನೆಲಕ್ಕೆ ಬಿಸಿಲೇ ಎಕರೆಗೆ ಇಷ್ಟೆಂದು ಗೇಣಿ ತರುತ್ತಿದೆ. ಅಲ್ಲಿರುವುದು ವಿದ್ಯುತ್ತನ್ನು ಹುಟ್ಟಿಸುವ ಫಲಕಗಳು, ರಸಾಯನ ಮಾಡುವ ಕೊಳವೆಗಳಲ್ಲ. ನೆಲವಿಲ್ಲದ ಕೂಲಿಗಳ ಪಾಲು ಏನೆಂಬ ಪ್ರಶ್ನೆಯೂ ಉಳಿದಿದೆ. ಆದರೂ ಬೆಳೆ ಬಾರದ ನೆಲದಲ್ಲಿ ಹೊಗೆಯಿಲ್ಲದ ಕೈಗಾರಿಕೆಯೆಂಬ ಮಾತಿನ ಅರ್ಧಭಾಗ ನಮ್ಮ ನಾಡಿನಲ್ಲಿಯೇ ನಿಜವಾಗಿದೆ. ಇನ್ನರ್ಧವೆಂದರೆ ಆ ಬಿಸಿಲಿನಲ್ಲಿಯೇ, ನಡುವೆ ದೀಪವಿಲ್ಲದೆ, ಒಂದು ಮದ್ದನ್ನೋ ಒಂದು ಪರಿಮಳವನ್ನೋ ಅಗ್ಗವಾಗಿ ಕಟ್ಟುವುದು. ಅದಕ್ಕೆ ಬೇಕಾದ ವರ್ಣದ್ರವ್ಯಗಳ ಜ್ಞಾನ ಈಗ ಕೈಗೆ ಬಂದಿದೆ. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ನಮ್ಮ ಮಕ್ಕಳಲ್ಲಿ ರಸಾಯನವನ್ನು ಓದುತ್ತಿರುವವರು ಅನೇಕರಿದ್ದಾರೆ. ಅವರಲ್ಲಿ ಒಬ್ಬರಾದರೂ ಬೊಲೋನ್ಯದ ಆ ಬುದ್ದಲಿಗಳನ್ನು ನೆನೆದು ತಮ್ಮ ಮನೆಯ ಬಿಸಿಲುಮಚ್ಚನ್ನು ಹತ್ತಿ ನೋಡಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.